ಗ್ಲೆನಿಸಳ ಕಾರ್ಪೆಟ್ ಬಂದರು

ಆಸ್ಟ್ರೇಲಿಯಾದ ಸರೋವರದಂಚಿನ ಊರು ಪೇನ್ಸ್‌ವಿಲ್ಲಿನಲ್ಲಿ ದೋಣಿಯಿಲ್ಲದ ಮನೆಯೆಂದರೆ ಮೂಗಿಲ್ಲದ ಮುಖವಿದ್ದಂತೆ. ಎದುರಿಗೆ ಯಾರೂ ಏನೂ ಅನ್ನುವುದಿಲ್ಲ, ಆದರೆ ನೋಟ ಅಲ್ಲೇ ನಿಲ್ಲುತ್ತದೆ. ಉಳ್ಳವರು ಮನೆಯ ಹಿಂದಿನ ಕಾಲುವೆಯಲ್ಲಿ ಅರಮನೆಯಂಥ ದೋಣಿಗಳನ್ನು ಕಟ್ಟಿಕೊಂಡಿರುತ್ತಾರೆ. ಒಳಬೀದಿಯವರು ಗಾಲಿಬಂಡಿಯ ಮೇಲೆ ಕೂರಿಸಿ, ಕಾರಿಗೆ ಸಿಕ್ಕಿಸಿ ಎಳೆದೊಯ್ಯುವ ಪುಟ್ಟ ಹಾಯಿದೋಣಿ ಇಟ್ಟುಕೊಳ್ಳುತ್ತಾರೆ. ಒಳಗೆ ಇಬ್ಬರು ಮೈಚಾಚುವಷ್ಟು ಗೂಡು, ಚಹಾದ ಕೆಟಲ್‌ಗೊಂದು ಮೂಲೆ, ಬೇಡವಾದಾಗ ಮಡಚಿ ಮಲಗಿಸಬಹುದಾದ ಹಾಯಿಕಂಬ. ಶನಿವಾರ ಸರೋವರಕ್ಕೆ ಇಳಿಸಿದರೆ ಭಾನುವಾರ ಸುಟ್ಟ ಮೂಗು ಹೊತ್ತು ವಾಪಸ್ಸು. ಈ ಊರಿನಲ್ಲಿ ಚರ್ಚಿಗೆ ಹೋಗದವರನ್ನು ಕ್ಷಮಿಸುತ್ತಾರೆ, ನೀರಿಗೆ ಹೋಗದವರನ್ನು ಕ್ಷಮಿಸುವುದು ಕಷ್ಟ.

ಗ್ಲೆನಿಸ್ ಹಾರ್ಕರ್‌ಳ ಮನೆಯಲ್ಲಿ ದೋಣಿ ಇರಲಿಲ್ಲ. ಹಾಗೆಂದು ಅವರು ದೋಣಿ ಬೇಡವೆಂದವರಲ್ಲ. ಹನ್ನೊಂದು ವರ್ಷಗಳಿಂದ ಆರಿಸುತ್ತಿದ್ದರು.

ಆರಿಸುತ್ತಿದ್ದವನು ಗಂಡ ಕ್ಲೈವ್. ಬಯಸುತ್ತಿದ್ದವಳು ಗ್ಲೆನಿಸ್. ಇಪ್ಪತ್ತೆಂಟು ವರ್ಷ ಅವಳು ಪ್ರಾಥಮಿಕ ಶಾಲೆಯ ಕ್ಯಾಂಟೀನಿನಲ್ಲಿ ಅಡುಗೆ ಮಾಡಿದವಳು. ಕ್ಯಾಂಟೀನು ಎಂದರೆ ಒಂದು ಒಲೆ, ಒಂದು ಫ್ರಿಜ್, ಅವುಗಳ ನಡುವೆ ಗ್ಲೆನಿಸ್, ಎದುರಿಗೆ ತಟ್ಟೆಯಗಲದ ಕಿಂಡಿ. ಲೋಕವೆಲ್ಲ ಅವಳಿಗೆ ಆ ಕಿಂಡಿಯ ಮೂಲಕವೇ ಕಂಡದ್ದು, ಅದೂ ಕುತ್ತಿಗೆಯಿಂದ ಸೊಂಟದವರೆಗೆ ಮಾತ್ರ. ಸೋಮವಾರಗಳಂದು ಮಿಸೆಸ್ ಒಡೆಲ್ ಎಂಬ ಟೀಚರು ಕಿಂಡಿಗೆ ಬಗ್ಗಿ, ಸ್ಯಾಂಡ್‌ವಿಚ್ ತೆಗೆದುಕೊಳ್ಳುತ್ತಾ ವಾರಾಂತ್ಯದ ವರ್ಣನೆ ಕೊಡುತ್ತಿದ್ದಳು. "ಬಂಗಾ ಆರ್ಮ್‌ನಲ್ಲಿ ಲಂಗರು ಹಾಕಿದ್ವಿ ಗ್ಲೆನಿಸ್. ಬೆಳಿಗ್ಗೆ ಎಚ್ಚರ ಆದ್ರೆ ದಿಂಬಿನ ಕೆಳಗಡೆ ನೀರು ಟಕ್ ಟಕ್ ಅಂತ ಬಾಗಿಲು ತಟ್ಟೋ ಹಾಗೆ. ಆಚೆ ನೋಡಿದ್ರೆ ಕಪ್ಪು ಹಂಸಗಳು, ಮರಳು ದಿಬ್ಬದ ಆಚೆ ಸಮುದ್ರ ಗೊರಕೆ ಹೊಡೀತಾ ಇರುತ್ತೆ."

ಗ್ಲೆನಿಸ್ ಟೊಮ್ಯಾಟೊ ಹೆಚ್ಚುತ್ತಾ ಕೇಳಿಸಿಕೊಂಡಳು. ಆ ಟಕ್ ಟಕ್ ಅವಳ ತಲೆಯೊಳಗೆ ಹೊಕ್ಕಿತು, ಮತ್ತೆ ಹೊರಗೆ ಬರಲಿಲ್ಲ. ಒಂದು ರಾತ್ರಿ ನೀರಿನ ಮೇಲೆ ಮಲಗಿ, ಅದು ಅಡಿಯಿಂದ ತಟ್ಟುವುದನ್ನು ಕೇಳುತ್ತಾ ಏಳಬೇಕು. ಬೇರೆ ಹೆಂಗಸರು ಬಾಲಿ ದ್ವೀಪಕ್ಕೆ ಹೋಗಬೇಕು, ಹೊಸ ಅಡುಗೆಮನೆ ಬೇಕು ಅನ್ನುವ ವಯಸ್ಸಿನಲ್ಲಿ ಅವಳು ಬಯಸಿದ್ದು ಇಷ್ಟೇ. ಚಿಕ್ಕ ಆಸೆಯ ಕಷ್ಟವೇ ಅದು. ಚಿಕ್ಕದಾದ್ದರಿಂದ ಎಲ್ಲರೂ ಅದನ್ನು ಆಮೇಲೆ ನೋಡೋಣ ಅನ್ನುತ್ತಾರೆ.

ಕ್ಲೈವ್ ಕಟ್ಟಡಗಳ ಇನ್ಸ್‌ಪೆಕ್ಟರ್ ಆಗಿ ನಿವೃತ್ತನಾದವನು. ಜೀವನವಿಡೀ ಜನರ ಮನೆಗೆ ಹೋಗಿ, ತಪ್ಪು ಹುಡುಕಿ, ಚಹಾ ಕುಡಿದು, ಆಗದು ಎಂದು ಹೇಳಿ ಬರುವುದೇ ಅವನ ಕೆಲಸವಾಗಿತ್ತು. ಅಂಥವನ ಕೈಗೆ ದೋಣಿ ಆರಿಸುವ ಕೆಲಸ ಕೊಟ್ಟರೆ ಏನಾಗಬೇಕೋ ಅದೇ ಆಯಿತು. ವಿಕ್ಟೋರಿಯಾ ರಾಜ್ಯದ ಉದ್ದಗಲ ಯಾರ ಶೆಡ್ಡಿನಲ್ಲಿ ಯಾವ ದೋಣಿ ಮಾರಾಟಕ್ಕಿದ್ದರೂ ಕ್ಲೈವ್ ಹಾಜರು. ಹೆಣ್ಣು ನೋಡಲು ಬಂದ ಗಂಡಿನ ಚಿಕ್ಕಪ್ಪನ ಗತ್ತಿನಲ್ಲಿ ಅವನು ಒಳಹೊಕ್ಕು, ಕುಟ್ಟಿ, ಮೂಸಿ, ಬೂಟು ಬಿಚ್ಚಿ ಮಲಗಿ ನೋಡುತ್ತಿದ್ದ. ಒಂದು ದೋಣಿಯಲ್ಲಿ, ವಾಲದಂತೆ ನೀರೊಳಗೆ ಇಳಿಬಿಡುವ ಅಡಿಹಲಗೆಯನ್ನು ಮೇಲೆತ್ತಿಡುವ ಪೆಟ್ಟಿಗೆ ಗೂಡಿನ ನಡುವೆಯೇ ನಿಂತಿತ್ತು, ಪಾಲಾದ ಅಣ್ಣತಮ್ಮಂದಿರ ಮನೆಯ ಗೋಡೆಯ ಹಾಗೆ. ಇನ್ನೊಂದರಲ್ಲಿ ಶೌಚದ ಡಬ್ಬ ಇಡುವ ಜಾಗ ಸರಿಯಾಗಿ ದಿಂಬಿನ ಕೆಳಗೆ. ಮತ್ತೊಂದು ಸ್ಥಿರವಾಗಿ ನಿಲ್ಲಲು ಹೊಟ್ಟೆತುಂಬ ನೀರು ತುಂಬಿಸಿಕೊಳ್ಳುವ ಹೊಸ ಮಾದರಿ. "ದೋಣಿಯೊಳಗೆ ನೀರು ಬರಬಾರದು ಅಂತ ನಾವು ದೋಣಿ ತೊಗೊಳ್ಳೋದು, ಇದು ಕರೆದು ಕೂರಿಸ್ಕೊಳ್ಳುತ್ತೆ" ಎಂದು ಕ್ಲೈವ್ ಅದನ್ನೂ ತಳ್ಳಿಹಾಕಿದ. ಒಂದು ಕಾರಿಗೆ ಭಾರ. ಒಂದು ಗಾಳಿಗೆ ಹಗುರ.

ಇವೆಲ್ಲ ದಾಟಿ ಬಂದ ದೋಣಿಗೆ ಕೊನೆಯ ಪರೀಕ್ಷೆ ಮನೆಯ ಹಾಲ್‌ನಲ್ಲಿ. ಕ್ಲೈವ್ ದೋಣಿಯ ಗೂಡನ್ನು ಅಳೆದುಕೊಂಡು ಬಂದು, ಅದೇ ಆಕಾರವನ್ನು ಕಾರ್ಪೆಟ್ಟಿನ ಮೇಲೆ ಬಿಳಿ ಟೇಪಿನಿಂದ ಅಂಟಿಸುತ್ತಿದ್ದ. ಎರಡು ಕುರ್ಚಿಗಳ ನಡುವೆ ಪೊರಕೆ ಕಟ್ಟಿ ಕಂಬಳಿ ಹೊದಿಸಿದರೆ ಅದು ಚಾವಣಿ. ರಾತ್ರಿಯೂಟದಿಂದ ಮಲಗುವವರೆಗೆ ಗಂಡ ಹೆಂಡತಿ ಇಬ್ಬರೂ ಆ ಗೆರೆಯೊಳಗೇ ಬಾಳಬೇಕು. ಗೆರೆಯಾಚೆ ನೀರು.

ಗೆರೆಯೊಳಗೆ ಗ್ಲೆನಿಸ್ ಮೊಣಕಾಲು ಗಲ್ಲಕ್ಕೆ ಒತ್ತಿಕೊಂಡು ಸಾಸೇಜು ತಿಂದಳು. ಎದುರಿಗಿದ್ದ ಟೀವಿ ಆಚೆ ದಡಕ್ಕೆ ಸೇರಿಬಿಟ್ಟಿತ್ತು, ರಿಮೋಟು ಮುಳುಗಿಹೋಗಿತ್ತು. ಫೋನು ರಿಂಗಾಗುತ್ತಿದ್ದರೆ ಕ್ಲೈವ್ ಬೆರಳೆತ್ತಿ, "ನೀರು, ಗ್ಲೆನ್, ನೀರು" ಅನ್ನುತ್ತಿದ್ದ. ಪಕ್ಕದ ಮನೆಯಾಕೆ ಸಕ್ಕರೆ ಕೇಳಲು ಬಂದು, ಬಾಗಿಲಲ್ಲೇ ನಿಂತು, ಹಾಲ್‌ನ ಮಧ್ಯೆ ಕಂಬಳಿಯ ಕೆಳಗೆ ಮುದುಡಿ ಕೂತ ಇಬ್ಬರನ್ನು ನೋಡಿ ಸಕ್ಕರೆಯನ್ನೇ ಮರೆತು ಹೋದಳು. ಒಮ್ಮೆ ಗ್ಲೆನಿಸ್ ತಡೆಯಲಾರದೆ ಎದ್ದು ನೇರ ಬಚ್ಚಲಿಗೆ ನಡೆದಳು.

"ಮುಳುಗಿದೆ ನೀನು" ಎಂದ ಕ್ಲೈವ್, ಗಂಭೀರವಾಗಿ.

"ಮುಳುಗಿದವರಿಗಾದ್ರೂ ಒಂಚೂರು ನೆಮ್ಮದಿ ಕೊಡು" ಎಂದು ಬಾಗಿಲು ಹಾಕಿಕೊಂಡಳು ಗ್ಲೆನಿಸ್.

ಹೀಗೆ ಅವಳು ಹನ್ನೊಂದು ವರ್ಷಗಳಲ್ಲಿ ಎಷ್ಟೋ ದೋಣಿಗಳಲ್ಲಿ ವಾಸಮಾಡಿದಳು. ಒಂದೂ ಅಲುಗಾಡಲಿಲ್ಲ. ಬೆಳಗಾದರೆ ಕ್ಲೈವ್ ಟೇಪನ್ನು ಕಿತ್ತು ಉಂಡೆಮಾಡಿ, "ಇದಾಗಲ್ಲ ಕಣೇ, ಕಾಲು ಚಾಚೋಕೆ ಇನ್ನೊಂದು ಗೇಣು ಬೇಕಿತ್ತು" ಎಂದು ತೀರ್ಪು ಕೊಡುತ್ತಿದ್ದ. ಕ್ಯಾಂಟೀನಿನ ಕಿಂಡಿಗಾದರೂ ಮಧ್ಯಾಹ್ನದ ಗಂಟೆ ಇತ್ತು. ಈ ಗೆರೆಗೆ ಗಂಟೆಯಿರಲಿಲ್ಲ.

ಇಲ್ಲಿ ಊರಿನ ಇನ್ನೊಂದು ಸಂಸ್ಥೆಯ ವಿಷಯ ಹೇಳಬೇಕು. ದೋಣಿಗಳನ್ನು ನೀರಿಗಿಳಿಸುವ ಕಾಂಕ್ರೀಟಿನ ಇಳಿಜಾರಿನ ಪಕ್ಕ, ವಾರಾಂತ್ಯಗಳಲ್ಲಿ, ಮಡಚುವ ಕುರ್ಚಿ ಹಾಕಿಕೊಂಡು ಐದಾರು ಮುದುಕರು ಕೂರುತ್ತಾರೆ. ಫ್ಲಾಸ್ಕಿನಲ್ಲಿ ಚಹಾ, ಕಾಗದದ ಚೀಲದಲ್ಲಿ ಮಾಂಸದ ಪೈ. ಅವರಿಗೆ ಸರೋವರದಲ್ಲಿ ಆಸಕ್ತಿಯಿಲ್ಲ, ಅದಕ್ಕೆ ಬೆನ್ನು ಹಾಕಿ ಕೂರುತ್ತಾರೆ. ಅವರು ನೋಡುವುದು ಕಾರನ್ನು ಹಿಂದಕ್ಕೆ ಬಿಟ್ಟು ಬಂಡಿಯನ್ನು ನೀರಿಗಿಳಿಸುವ ಗಂಡಸರನ್ನು. ಯಾರು ನೇರ ಬಂದ, ಯಾರು ಸೊಟ್ಟ ಬಂದ, ಯಾರು ನೀರಲ್ಲಿ ಹಗ್ಗ ಹಿಡಿದು ನಿಂತ ಹೆಂಡತಿಯ ಮೇಲೆ ಕೂಗಾಡಿದ ಎಂಬುದೆಲ್ಲ ಸಂಜೆಯೊಳಗೆ ಪಬ್ಬಿಗೆ ಮುಟ್ಟುತ್ತದೆ. ಈ ನ್ಯಾಯಪೀಠದ ಮುಖ್ಯಸ್ಥ ಕರ್ಲಿ, ಎಂದರೆ ಗುಂಗುರು ಕೂದಲಿನವನು. ತಲೆಯ ಮೇಲೆ ಒಂದು ಕೂದಲೂ ಇಲ್ಲದ್ದರಿಂದ ಬಂದ ಹೆಸರು. ಹಿಂದೊಮ್ಮೆ ಕ್ಲೈವ್ ಇವನ ಹೊಸ ಮನೆಯ ಮೆಟ್ಟಿಲು ಒಂದು ಬೆರಳಿನಷ್ಟು ಎತ್ತರವೆಂದು ಪೂರ್ತಿ ಒಡೆಸಿದ್ದ. "ಹಾರ್ಕರ್ ಒಂದಿನ ದೋಣಿ ತರ್ತಾನೆ. ಅವತ್ತು ನಾನು ಸತ್ತಿದ್ರೂ ಎದ್ದು ಬಂದು ಈ ಕುರ್ಚೀಲಿ ಕೂತ್ಕೋತೀನಿ" ಎಂದು ಕರ್ಲಿ ಊರೆಲ್ಲ ಹೇಳಿಕೊಂಡಿದ್ದ.

ಹೀಗಿರುವಾಗ ಪಕ್ಕದ ಬೀದಿಯ ಥೆಲ್ಮಾ ಪಾಸ್ಕೋ, ಗಂಡ ತೀರಿಕೊಂಡು ವರ್ಷವಾದ ಮೇಲೆ, ಅವನ ದೋಣಿಯನ್ನು ಮಾರಲು ನಿಂತಳು. ಕಸ್ಟರ್ಡಿನ ಹಳದಿ ಬಣ್ಣದ್ದು, ಹೆಸರು ಡಾಫ್ನಿ. "ಶುಕ್ರವಾರದೊಳಗೆ ತೊಗೊಂಡೋಗಿ ಗ್ಲೆನಿಸ್. ಆಮೇಲೆ ನನ್ನ ತಮ್ಮ ಬರ್ತಾನೆ, ಅದನ್ನ ಕತ್ತರಿಸಿ ಕೋಳಿಗೂಡು ಮಾಡ್ತಾನಂತೆ. ಅವನಿಗೆ ಎಲ್ಲಾ ಕೋಳಿಗೂಡಾಗೇ ಕಾಣುತ್ತೆ" ಎಂದಳು.

ಬುಧವಾರ ಕ್ಲೈವ್ ಡಾಫ್ನಿಯೊಳಗೆ ಹೊಕ್ಕ. ಗ್ಲೆನಿಸ್ ಮತ್ತು ಥೆಲ್ಮಾ ಹೊರಗೆ ನಿಂತು ಕುಟ್ಟುವ ಸದ್ದು ಕೇಳಿದರು. ಅಡಿಹಲಗೆ ಚಕ್ಕನೆ ಏರಿತು, ಚಕ್ಕನೆ ಇಳಿಯಿತು. ಹಾಯಿಕಂಬವನ್ನು ಒಬ್ಬನೇ ಎತ್ತಿ ನಿಲ್ಲಿಸಬಹುದಿತ್ತು. ಶೌಚದ ಡಬ್ಬಕ್ಕೆ ಪ್ರತ್ಯೇಕ ಮೂಲೆ, ಮರ್ಯಾದೆಗೆ ಒಂದು ಪರದೆ. ಭಾರ ಕಾರಿಗೆ ಹೊಂದುವಷ್ಟು. ಹಾಸಿಗೆಯ ಮೇಲೆ ಮಲಗಿದ ಕ್ಲೈವನ ಉದ್ದ ಕಾಲುಗಳು ಪೂರ್ತಿ ಚಾಚಿದ ಮೇಲೂ ಜಾಗ ಉಳಿಯಿತು. ಸಂಜೆಯವರೆಗೆ ತಪ್ಪು ಹುಡುಕಿ ಅವನು ಹೊರಬಂದಾಗ ಮುಖ ಬಿಳಚಿಕೊಂಡಿತ್ತು.

"ಏನಾಯ್ತು?" ಎಂದಳು ಥೆಲ್ಮಾ. "ಒಳಗೆ ಹಾವಿತ್ತಾ?"

"ಏನೂ ಇಲ್ಲ" ಎಂದ ಕ್ಲೈವ್ ಸಣ್ಣ ದನಿಯಲ್ಲಿ. ನಿಜಕ್ಕೂ ಏನೂ ಇರಲಿಲ್ಲ. ತಪ್ಪೇ ಇಲ್ಲದ ದೋಣಿಯನ್ನು ಅವನು ಜೀವಮಾನದಲ್ಲಿ ಮೊದಲ ಸಲ ನೋಡಿದ್ದ.

ಗುರುವಾರ ಸಂಜೆ ಟೇಪು ಬಿತ್ತು. ಗ್ಲೆನಿಸ್ ಗೆರೆಯೊಳಗೆ ಕೂತು ಗಂಡನನ್ನೇ ನೋಡಿದಳು. ಅವನು ಆ ಕಡೆ ಮಲಗಿದ, ಈ ಕಡೆ ಮಲಗಿದ, ಪೊರಕೆಗೆ ತಲೆ ತಾಗೀತೆಂದು ಆಸೆಯಿಂದ ಎದ್ದು ಕೂತ. ತಾಗಲಿಲ್ಲ. ಹಣೆಯಲ್ಲಿ ಬೆವರಿತ್ತು.

"ಬಣ್ಣ" ಎಂದ ಕೊನೆಗೆ. "ಹಳದಿ ಬಣ್ಣಕ್ಕೆ ನೊಣ ಬರುತ್ತೆ."

"ಬೇರೆ ಬಣ್ಣ ಬಳಿಯೋಣ."

"ಹಾಗೆ ಸುಮ್ನೆ ಬಳಿಯೋಕಾಗಲ್ಲ."

"ಕರ್ಲೀನ ಕೇಳಿದ್ರೆ ಹೇಳ್ತಾನೆ, ಅವನ ದೋಣಿಗೆ ಅವನೇ ಬಳಿದಿದ್ದು."

ಕರ್ಲಿಯ ಹೆಸರು ಕೇಳಿ ಕ್ಲೈವ್ ಕಂಬಳಿಯ ಅಂಚನ್ನು ಹಿಡಿದುಕೊಂಡ ರೀತಿಯನ್ನು ಗ್ಲೆನಿಸ್ ಕಂಡಳು. ಹಲ್ಲು ಕೀಳಿಸಲು ಕೂತ ಮಗು ಹಾಗೆ ಹಿಡಿಯುತ್ತದೆ. ಅವಳ ಬುದ್ಧಿಯಲ್ಲಿ ಏನೋ ಸರಿದು ಜಾಗಕ್ಕೆ ಕೂತಿತು. ಕಸದ ಡಿಪೋದಲ್ಲಿ ಈ ಮನುಷ್ಯ ಪ್ರತಿಸಲ ಕಸ ತುಂಬಿದ ಪುಟ್ಟ ಬಂಡಿಯನ್ನು ಕಾರಿನಿಂದ ಬಿಚ್ಚಿ ಕೈಯಿಂದ ತಳ್ಳುತ್ತಿದ್ದ. ಅತ್ತಿಗೆಯ ಮನೆಗೆ ಬಂಡಿ ಕಟ್ಟಿಕೊಂಡು ಹೋದಾಗ ಅಲ್ಲಿ ಬೀದಿ ಮುಂದೆ ಮುಚ್ಚಿಕೊಂಡಿದೆ, ಬಂಡಿ ತಿರುಗಿಸಲು ಜಾಗವಿಲ್ಲ ಎಂದು ಅರ್ಧ ಮೈಲಿ ಆಚೆ ನಿಲ್ಲಿಸಿ ನಡೆಸಿದ್ದ.

"ಕ್ಲೈವ್, ಡಿಪೋದಲ್ಲಿ ಗಾಡಿ ಬಿಚ್ಚಿ ಯಾಕೆ ತಳ್ತೀಯ ನೀನು?"

"ಬೆನ್ನಿಗೆ ಒಳ್ಳೇದು."

"ಮದುವೆ ಆದಾಗಿಂದಾನೂ?"

ಕ್ಲೈವ್ ಟೇಪಿನ ತುದಿಯನ್ನು ಉಗುರಿನಿಂದ ಎಬ್ಬಿಸಿದ, ಮತ್ತೆ ಒತ್ತಿ ಅಂಟಿಸಿದ. ಕಂಬಳಿಯ ಕೆಳಗೆ ಸೆಖೆಯಾಗುತ್ತಿತ್ತು.

"ನಂಗೆ ಹಿಂದಕ್ಕೆ ಬಿಡೋಕೆ ಬರಲ್ಲ, ಗ್ಲೆನ್" ಎಂದ ಕೊನೆಗೆ. "ಬರೀ ಕಾರಾದ್ರೆ ಬಿಡ್ತೀನಿ. ಹಿಂದೆ ಗಾಡಿ ಕಟ್ಟಿದ್ರೆ ಆಗಲ್ಲ. ಸ್ಟೀರಿಂಗ್ ಎಡಕ್ಕೆ ತಿರುಗಿಸಿದ್ರೆ ಅದು ಬಲಕ್ಕೆ ಹೋಗುತ್ತೆ. ಬಲಕ್ಕೆ ತಿರುಗಿಸಿದ್ರೆ ಮುಖ ತಿರುಗಿಸ್ಕೊಂಡು ನನ್ನ ಮೇಲೇ ಬರುತ್ತೆ. ಅದು ಗಾಡಿ ಅಲ್ಲ ಕಣೇ, ನಿಮ್ಮಮ್ಮ."

ಗ್ಲೆನಿಸಳಿಗೆ ಮೊದಲು ನಗು ಬಂತು. ಅದು ಗಂಟಲಿಗೆ ಬರುವಷ್ಟರಲ್ಲಿ ಸಿಟ್ಟು ಅದನ್ನು ಹಿಂದಿಕ್ಕಿತು. ಹನ್ನೊಂದು ವರ್ಷ! ಪಾಪದ ದೋಣಿಗಳ ಮೇಲೆ ಹೊರಿಸಿದ ದೋಷಗಳೆಷ್ಟು, ಮೊಣಕಾಲು ಮಡಚಿ ಉಂಡ ಊಟಗಳೆಷ್ಟು. ಅದಕ್ಕೆಲ್ಲ ಕಾರಣ ಇಳಿಜಾರಿನ ಪಕ್ಕ ಪೈ ತಿನ್ನುತ್ತಾ ಕೂತ ಒಬ್ಬ ಬೋಳುತಲೆಯವನು.

"ನಾನು ಬಿಡ್ತೀನಿ" ಎಂದಳು.

"ನೀನಾ?"

"ಅಪ್ಪನ ಆಲೂಗಡ್ಡೆ ಗಾಡೀನ ಎರಡು ಶೆಡ್ಡಿನ ಸಂದೀಲಿ ಹಿಂದಕ್ಕೆ ಬಿಡ್ತಾ ಇದ್ದೋಳು ನಾನೇ. ಆಗ ನಂಗೆ ಟ್ರ್ಯಾಕ್ಟರ್ ಪೆಡಲ್ಲಿಗೆ ಕಾಲೂ ಸರಿಯಾಗಿ ಎಟುಕ್ತಿರಲಿಲ್ಲ."

"ಯಾವತ್ತೂ ಹೇಳೇ ಇಲ್ವಲ್ಲ?"

"ಯಾವತ್ತು ಸ್ಟೀರಿಂಗ್ ಕೊಟ್ಟಿದ್ದೆ?"

ಕ್ಲೈವನ ಮುಖದಲ್ಲಿ ಒಂದು ಕ್ಷಣ ಬಿಡುಗಡೆ ಕಂಡಿತು, ಮರುಕ್ಷಣ ಅದಕ್ಕಿಂತ ದೊಡ್ಡ ಬಲೆ ಕಂಡಿತು. "ಹೆಂಡತಿ ಗಾಡಿ ಬಿಡೋದು, ಗಂಡ ನೀರಲ್ಲಿ ಹಗ್ಗ ಹಿಡ್ಕೊಂಡು ನಿಲ್ಲೋದು, ಕರ್ಲಿ ಅದನ್ನ ನೋಡೋದು. ಬೇಡ ಗ್ಲೆನ್. ನನ್ನ ಗೋರಿ ಮೇಲೂ ಬರೆಸ್ತಾನೆ ಅವನು."

"ಹಾಗಾದ್ರೆ ನೀನು ಮನೇಲಿರು. ನಾನು ಹೋಗ್ತೀನಿ."

"ಒಬ್ಬಳೇ ಹೇಗೆ ಹೋಗ್ತೀಯ?"

"ಸ್ವಲ್ಪ ಹಿಂದಕ್ಕೆ ಹೋಗ್ತೀನಿ, ಆಮೇಲೆ ಮುಂದಕ್ಕೆ."

ಗ್ಲೆನಿಸ್ ಕಂಬಳಿಯಿಂದ ತಲೆ ಹೊರಹಾಕಿ, ಟೇಪು ದಾಟಿ, ಗಂಡ ಹೇಳುತ್ತಿದ್ದ ಅಗಾಧ ಜಲರಾಶಿಯ ಮೇಲೆ ಚಪ್ಪಲಿ ಕಾಲಿನಲ್ಲಿ ನಡೆದುಹೋಗಿ ಥೆಲ್ಮಾಳಿಗೆ ಫೋನು ಮಾಡಿದಳು. ಕೋಳಿಗಳಿಗೆ ಬೇರೆ ಗೂಡು ನೋಡಲು ಹೇಳಿದಳು.

ಶನಿವಾರ ಬೆಳಿಗ್ಗೆ ಇಳಿಜಾರಿನ ನ್ಯಾಯಪೀಠ ಪೂರ್ಣವಾಗಿ ನೆರೆದಿತ್ತು. ಹಾರ್ಕರ್‌ರ ಕಾರು ಹಳದಿ ದೋಣಿಯನ್ನು ಎಳೆದುಕೊಂಡು ತಿರುವಿನಲ್ಲಿ ಕಾಣಿಸಿದಾಗ ಕರ್ಲಿ ಪೈಯನ್ನು ಕೆಳಗಿಟ್ಟ. ಅವನು ಪೈಯನ್ನು ಕೆಳಗಿಟ್ಟದ್ದನ್ನು ಅವತ್ತಿನವರೆಗೆ ಯಾರೂ ಕಂಡಿರಲಿಲ್ಲ. ಆಮೇಲೆ ಕಾರಿನ ಎಡಬಾಗಿಲಿನಿಂದ ಕ್ಲೈವ್ ಇಳಿದ, ಅರ್ಧ ಚಡ್ಡಿ, ಮೊಣಕಾಲುದ್ದದ ಕಾಲುಚೀಲ ಹಾಕಿಕೊಂಡು. ಮನೆಯಲ್ಲೇ ಕೂತರೆ ಕರ್ಲಿ ಅದನ್ನೂ ಪಬ್ಬಿಗೆ ಮುಟ್ಟಿಸುತ್ತಾನೆಂದು ಅವನು ಹೊರಟುಬಂದಿದ್ದ. ಸ್ಟೀರಿಂಗ್ ಹಿಂದೆ ಗ್ಲೆನಿಸ್ ಕೂತಿದ್ದಳು. ಕುರ್ಚಿಗಳೆಲ್ಲ ಕಿರ್ರೆಂದು ಒಂದಿಷ್ಟು ಮುಂದೆ ಸರಿದವು.

"ಓ, ಇನ್ಸ್‌ಪೆಕ್ಟರ್ ಸಾಹೇಬ್ರು" ಎಂದ ಕರ್ಲಿ. "ಹುಷಾರು, ಇಳಿಜಾರು ಒಂದು ಬೆರಳು ಜಾಸ್ತಿ ಇದೆ."

ಕ್ಲೈವ್ ಹಗ್ಗ ಹಿಡಿದು ನೀರಿಗಿಳಿದ. ಗಲ್ಲಿಗೆ ಹೋಗುವ ಕ್ರಾಂತಿಕಾರಿಗೂ ಅಷ್ಟು ನೇರವಾದ ಬೆನ್ನು ಇರುವುದಿಲ್ಲ.

ಮೊದಲ ಸಲ ಬಂಡಿ ಸೊಟ್ಟಗಾಗಿ, ಮೀನು ಕೊಯ್ಯುವ ಮೇಜಿನ ಕಡೆಗೆ ನುಗ್ಗಿತು. ಮೇಜಿನ ಕೆಳಗೆ ಕಾದಿದ್ದ ಪೆಲಿಕನ್‌ಗಳು ರೆಕ್ಕೆ ಬಡಿದು ಚದುರಿದವು.

"ಪರ್ವಾಗಿಲ್ಲ ಗ್ಲೆನಿಸ್" ಎಂದ ಕರ್ಲಿಯ ಪಕ್ಕದವನು. "ನನ್ನ ಅಳಿಯ ಕಳೆದ ವಾರ ಆ ಮೇಜನ್ನೇ ಹೊತ್ಕೊಂಡು ಹೋದ."

ಗ್ಲೆನಿಸ್ ಕಾರನ್ನು ಮುಂದಕ್ಕೆ ತಂದು ನಿಲ್ಲಿಸಿ, ಚಪ್ಪಲಿ ಬಿಚ್ಚಿ ಹಿಂದಿನ ಸೀಟಿಗೆ ಎಸೆದಳು. ಅಪ್ಪ ಹೇಳುತ್ತಿದ್ದುದು ನೆನಪಾಯಿತು. ಸ್ಟೀರಿಂಗಿನ ಮೇಲ್ಭಾಗ ಹಿಡಿಯಬೇಡ, ಕೆಳಗೆ ಹಿಡಿ. ಗಾಡಿ ಎತ್ತ ಹೋಗಬೇಕೋ ಕೈಯನ್ನು ಅತ್ತ ಒಯ್ಯಿ. ಅಷ್ಟೇ ವಿದ್ಯೆ. ಅವಳು ಕೈಯನ್ನು ಕೆಳಗಿಳಿಸಿದಳು. ಡಾಫ್ನಿ ಸೂಜಿಯೊಳಗೆ ದಾರ ಹೋದಂತೆ ನೇರ ನೀರಿಗಿಳಿಯಿತು. ನ್ಯಾಯಪೀಠದಲ್ಲಿ ಒಬ್ಬನು ಫ್ಲಾಸ್ಕಿನ ಮುಚ್ಚಳ ಹಾಕಿದ, ಆ ಸದ್ದು ಎಲ್ಲರಿಗೂ ಕೇಳಿಸಿತು.

ಆದರೆ ದೋಣಿ ತೇಲಲಿಲ್ಲ. ಗ್ಲೆನಿಸ್ ಇನ್ನಷ್ಟು ಹಿಂದೆ ಬಂದಳು. ಕ್ಲೈವನ ಕಾಲುಚೀಲ ಮುಳುಗಿತು, ಚಡ್ಡಿ ಮುಳುಗಿತು, ಕಾರಿನ ಹಿಂದಿನ ಗಾಲಿ ನೀರಿಗೆ ಮುಟ್ಟಿತು. ದೋಣಿ ಬಂಡಿಗೆ ಕಚ್ಚಿಕೊಂಡೇ ಇತ್ತು.

"ಕ್ಲೈವ್" ಎಂದ ಕರ್ಲಿ, ಬಹಳ ಮೃದುವಾಗಿ. "ಗಾಡೀನೂ ಜೊತೆಗೆ ಕರ್ಕೊಂಡು ಹೋಗ್ತೀರಾ, ಮಾರಾಯ?"

ದಾರಿಯಲ್ಲಿ ದೋಣಿ ಜಾರಬಾರದೆಂದು ಕ್ಲೈವ್ ಅದನ್ನು ಬಂಡಿಗೆ ಪಟ್ಟಿಯಿಂದ ಬಿಗಿದಿದ್ದ. ಬೇರೆಯವರು ಒಂದು ಪಟ್ಟಿ ಹಾಕುತ್ತಾರೆ, ಇನ್ಸ್‌ಪೆಕ್ಟರು ಮೂರು ಹಾಕಿದ್ದ, ಮೂರಕ್ಕೂ ಗಂಟು ಹಾಕಿದ್ದ, ಬಿಚ್ಚಲು ಮರೆತಿದ್ದ. ಈಗ ಅವನು ಎದೆಮಟ್ಟದ ನೀರಿನಲ್ಲಿ ಮುಳುಗಿ, ಏಳುತ್ತಾ, ಉಗುಳುತ್ತಾ ಗಂಟು ಬಿಚ್ಚುವುದನ್ನು ಊರಿನ ಅರ್ಧ ಜನ ನೋಡಿತು. ಡಾಫ್ನಿ ಕೊನೆಗೆ ಮೈಕೊಡವಿ ತೇಲಿದಾಗ ಗ್ಲೆನಿಸ್ ಕಾರು ನಿಲ್ಲಿಸಿ ಬಂದು ಬರಿಗಾಲಲ್ಲೇ ಹತ್ತಿದಳು.

"ಭಾನುವಾರ ವಾಪಸ್ ಬರ್ತೀರಲ್ಲ?" ಕರ್ಲಿ ಕೈಬೀಸಿದ. "ಹತ್ತಿಸೋದು ಇಳಿಸೋದಕ್ಕಿಂತ ಕಷ್ಟ. ನಾವು ಇಲ್ಲೇ ಇರ್ತೀವಿ. ಎಲ್ಲಿಗೂ ಹೋಗಲ್ಲ."

ಸರೋವರದ ಮೇಲೆ ಕ್ಲೈವ್ ಬೇರೆಯೇ ಮನುಷ್ಯನಾದ. ಹುಡುಗನಾಗಿದ್ದಾಗ ಬೇರೆಯವರ ದೋಣಿಗಳಲ್ಲಿ ಕಲಿತದ್ದನ್ನು ಅವನ ಕೈ ಮರೆತಿರಲಿಲ್ಲ. ಹಾಯಿದೋಣಿಗೆ ಹಿಂದಕ್ಕೆ ಹೋಗುವ ಅಭ್ಯಾಸವಿಲ್ಲ. ಗಾಳಿ ಬಂದತ್ತ ಹಗ್ಗ ಸಡಿಲಿಸಿ, ಬಿಗಿದು, ಮಧ್ಯಾಹ್ನದೊಳಗೆ ಅವಳನ್ನು ಬಂಗಾ ಆರ್ಮ್‌ಗೆ ತಲುಪಿಸಿದ. ಉದ್ದನೆಯ ಆ ಹಿನ್ನೀರಿನಲ್ಲಿ ಲಂಗರು ಬಿದ್ದಿತು. ಮರಳು ದಿಬ್ಬದಾಚೆ ಸಮುದ್ರದ ಗೊರಕೆ ಕೇಳಿಸಿತು. ಗ್ಲೆನಿಸ್ ಟವೆಲ್ ಹಾಸಿಕೊಂಡು ಹಂಸಗಳಿಗೆ ಕಾದು ಕೂತಳು.

ಸಂಜೆಗೆ ಮಳೆ ಬಂತು. ಇಬ್ಬರೂ ಗೂಡಿನೊಳಗೆ ತೂರಿ ಮುಚ್ಚಳ ಎಳೆದುಕೊಂಡರು. ಮೊಣಕಾಲು ಗಲ್ಲಕ್ಕೆ ಬಂತು. ಕ್ಲೈವನ ಒದ್ದೆ ಕಾಲುಚೀಲ ಮೂಗಿನ ಹತ್ತಿರ ತೂಗಾಡಿತು. ಎಡಕ್ಕೆ ಹೊರಳಿದರೆ ಒಲೆ, ಬಲಕ್ಕೆ ಹೊರಳಿದರೆ ಗಂಡ. ಎದ್ದು ಬಚ್ಚಲಿಗೆ ಹೋಗಿಬಿಡುವ ಹಾಗಿರಲಿಲ್ಲ, ಈ ಸಲ ಆಚೆ ನಿಜಕ್ಕೂ ನೀರಿತ್ತು. ಇಷ್ಟು ವರ್ಷ ಇದನ್ನೇ ಬೇಡಿದೆನೇ ಎಂದುಕೊಳ್ಳುತ್ತಾ ಗ್ಲೆನಿಸ್ ಕಣ್ಣು ಮುಚ್ಚಿದಳು.

ಬೆಳಿಗ್ಗೆ ಎಚ್ಚರವಾದಾಗ ಅವಳ ಎಡಗೈ ಕ್ಲೈವನ ಕೆಳಗೆ ಸಿಕ್ಕಿಕೊಂಡು ಮರಗಟ್ಟಿತ್ತು. ಅವನು ಬಾಗಿಲಿಗೆ ಅಡ್ಡ ಮಲಗಿದ್ದ, ಎಬ್ಬಿಸದೆ ಹೊರಗೆ ಹೋಗುವಂತಿರಲಿಲ್ಲ. ಮಳೆ ನಿಂತಿತ್ತು. ದಿಂಬಿನ ಕೆಳಗೆ ಏನೋ ಟಕ್ಕೆಂದಿತು. ಅವಳು ಉಸಿರು ಹಿಡಿದಳು. ಟಕ್. ಸ್ವಲ್ಪ ಬಿಟ್ಟು ಮತ್ತೆ ಟಕ್ ಟಕ್. ಮಿಸೆಸ್ ಒಡೆಲ್ ಬಾಗಿಲು ತಟ್ಟಿದ ಹಾಗೆ ಎಂದಿದ್ದಳು. ಗ್ಲೆನಿಸಳಿಗೆ ಹಾಗನ್ನಿಸಲಿಲ್ಲ. ಒಳಗೆ ಬರುವ ಆತುರ ಆ ಸದ್ದಿಗಿರಲಿಲ್ಲ. ಕೆಲಸವಿಲ್ಲದ ಯಾರೋ ಸುಮ್ಮನೆ ಬೆರಳಾಡಿಸುತ್ತಿದ್ದ ಹಾಗಿತ್ತು. ಅವಳು ಅಲ್ಲಾಡಲಾರದೆ, ಅಲ್ಲಾಡಲು ಮನಸ್ಸೂ ಇಲ್ಲದೆ, ಬಿಸಿಲು ಕಿಟಕಿಗೆ ಬರುವವರೆಗೂ ಕೇಳಿದಳು. ಕಣ್ಣಿನಿಂದ ನೀರು ಇಳಿದು ಕಿವಿಯೊಳಗೆ ಹೋಯಿತು. ಒರೆಸಿಕೊಳ್ಳೋಣವೆಂದರೆ ಕೈ ಇರಲಿಲ್ಲ.

ಮಧ್ಯಾಹ್ನ ಹೊರಡುವ ಹೊತ್ತಿಗೆ ಕ್ಲೈವ್ ಲಂಗರಿನ ಹಗ್ಗವನ್ನು ಮುಟ್ಟಿ ಬಿಟ್ಟ.

"ಇವತ್ತು ಭಾನುವಾರ. ಅಲ್ಲಿ ಜನ ಜಾಸ್ತಿ ಇರ್ತಾರೆ" ಎಂದ. "ನಾಳೆ ಹೋಗೋಣ."

"ನಿನ್ನಿಷ್ಟ" ಎಂದಳು ಗ್ಲೆನಿಸ್. ಸಂಜೆ ಹಂಸಗಳು ಬಂದವು, ಮರಿಗಳೊಂದಿಗೆ.

ಸೋಮವಾರ ಬೆಳಿಗ್ಗೆ ಬ್ರೆಡ್ಡು ಮುಗಿದಿತ್ತು, ಹಾಲು ಹುಳಿಯಾಗಿತ್ತು. ಕ್ಲೈವ್ ಹಾಯಿಕಂಬಕ್ಕೆ ಒರಗಿ ಊರಿನ ದಿಕ್ಕಿಗೆ ನೋಡುತ್ತಾ ನಿಂತ. ಹನ್ನೊಂದು ವರ್ಷ ನೀರಿಗಿಳಿಯಲಾರದೆ ಇದ್ದವನು ಈಗ ನೀರಿನಿಂದ ಮೇಲೇರಲಾರದೆ ಸಿಕ್ಕಿಕೊಂಡಿದ್ದ.

"ಅವನು ಇವತ್ತೂ ಅಲ್ಲಿ ಕೂತಿರ್ತಾನೆ ಅಂತೀಯಾ, ಗ್ಲೆನ್?"

ಸೋಮವಾರ ಬೆಳಿಗ್ಗೆ ಕರ್ಲಿಯ ಗುಂಪೆಲ್ಲ ಬಿಳಿ ಪ್ಯಾಂಟು ತೊಟ್ಟು ಕ್ಲಬ್ಬಿನ ಹುಲ್ಲುಹಾಸಿನಲ್ಲಿ ಬೌಲ್ಸ್ ಎಂಬ ಚೆಂಡುರುಳಿಸುವ ಆಟ ಆಡಲು ಹೋಗುತ್ತದೆ. ಆಗ ಇಳಿಜಾರಿನಲ್ಲಿ ಪೆಲಿಕನ್‌ಗಳಲ್ಲದೆ ನರಪಿಳ್ಳೆಯೂ ಇರುವುದಿಲ್ಲ. ಅವರ ಪ್ಯಾಂಟು ಇಸ್ತ್ರಿ ಮಾಡುವ ಹೆಂಗಸರೆಲ್ಲ ಗ್ಲೆನಿಸಳ ಸ್ನೇಹಿತೆಯರು. ಬೌಲ್ಸ್ ಆಡದ ಕ್ಲೈವನಿಗೆ ಇದು ಗೊತ್ತಿರಲಿಲ್ಲ.

"ಕೂತಿರ್ತಾನೆ" ಎಂದಳು ಗ್ಲೆನಿಸ್, ಉಳಿದಿದ್ದ ಬೀನ್ಸ್ ಡಬ್ಬದ ಮುಚ್ಚಳ ಕೀಳುತ್ತಾ. "ಅವನು ಅಷ್ಟು ಸುಲಭಕ್ಕೆ ಏಳೋ ಪೈಕಿ ಅಲ್ಲ."